ಒಂದೂವರೆ ಮೊಳ ಕಡಿಮಿ

ಖೋಲಿ ಹತ್ತು ಫೂಟು, ಹನ್ನೊಂದು ಫೂಟು.
ಪಲಂಗ, ಕಪಾಟು, ಗ್ಯಾಸಿನ ಕಟ್ಟಿ,
ಜೋಳದ ಡಬ್ಬಿ, ಮಾವನ ಫೋಟೊ,
ಈಗ ಇದೊಂದು:
ಟ್ಯೂಷನ್ ಕ್ಲಾಸು ಬಂದಾದ ಮ್ಯಾಲೆ
ಜಾಧವ ಮಾಸ್ತರ ಮೂರೂವರೆ ಸಾವಿರಕ್ಕ ಮಾರಿದ ಪ್ರೊಜೆಕ್ಟರು.
ಮಗ್ಗಲಿಗೆ ಇನ್ನೂ ಅವರ ಚೀಟಿ, ಮರಾಠಿಯೊಳಗ:
ಮುಟ್ಟಬ್ಯಾಡ್ರಿ.

ಮುಟ್ಟಿದಿವಿ.

ರೇವಣಸಿದ್ದ ಡಬ್ಬಿ ಮ್ಯಾಲಿಟ್ಟು ಗುಂಡಿ ಒತ್ತಿದ.
ಗ್ವಾಡಿಗೆ ಮೂಡಿದ್ದು ಸಿನಿಮಾ ಅಲ್ಲ, ಮೊರ.
ಮ್ಯಾಲೆ ಅಗಲ, ಕೆಳಗ ಸಣ್ಣ,
ಕೇರಿದರ ಹೊಟ್ಟು ಹಾರಬೇಕು ಹಂಗ.
ಒಳಗ ಭಾಷಾದ ಪಟ್ಟಿ ಅದ, ಇಪ್ಪತ್ತೆರಡು.
ನಾವು ಹೆಸರೂ ಕೇಳದ ದೇಶದ ಮಾತು ಅದಕ್ಕ ಬರತಾವ.
ಕನ್ನಡ ಇಲ್ಲ. ಮರಾಠಿ ಇಲ್ಲ.
ಎದುರು ಮನಿ ಲಚ್ಚವ್ವನ ತೆಲುಗೂ ಇಲ್ಲ.
ಮೂಗನ ಕೂಡ ಮಾತಾಡಿದಂಗ
ಬಟ್ಟು ಒತ್ತಿ ಒತ್ತಿ ಹೇಳಬೇಕಾತು:
ತುಸು ಕೆಳಗ. ತುಸು ಈ ಕಡೆ. ಸಾಕು. ಅಯ್ಯ, ಸಾಕು.

ಆಮ್ಯಾಲೆ ಮಾಳಿಗಿಯ ತೊಟ್ಟಿಲ ಕೊಂಡಿಗೆ ಕಟ್ಟಿದ.
ಮಂದಿ ಎಲ್ಲಾರೂ ತೆಲಿಕೆಳಗಾದರು.
ವೈಭವಿ ಪಲಂಗದಿಂದ ತೆಲಿ ಜೋತುಬಿಟ್ಟು
'ಅಪ್ಪಾ, ನನಗ ಸರೀನ ಕಾಣತದ' ಅಂದಳು.
ಆ ಕೊಂಡಿಯಾಗ ತೂಗಿಸಿಕೊಂಡಾಕಿ,
ಅಕಿಗೆ ಹೆಂಗಾರ ನೋಡೋ ಹಕ್ಕು ಅದ.

ಪರದೆಗೆ ಚಾದರ. ಊರು ಸೊಲ್ಲಾಪುರ,
ಚಾದರಕ್ಕೇನು ಬರ?
ಬಿಳೇದು, ನಡುವ ಒಂದು ಎಳಿ ತಪ್ಪಿದ್ದು.
ರಾತ್ರಿ ಪಾಳಿಯೊಳಗ ಅವನ ಮಗ್ಗದಾಗೇ ತಪ್ಪಿದ್ದು.
ಮಾಲಕ ಪಗಾರದಾಗ ಮುರಕೊಂಡು
ಮಾಲು ಅವನ ಕೈಯಾಗೇ ಕೊಟ್ಟಿದ್ದ.
ಈಗ ಯಾವ ಹೀರೊ ಬಂದರೂ
ಮೂಗಿನ ಕೆಳಗ ಆ ಗೆರಿ.

ಆದರ ಚಿತ್ರ ಚಾದರ ತುಂಬಲಿಲ್ಲ.
ತಾಟಿನ ನಡುವ ಒಂದು ರೊಟ್ಟಿ ಚೂರು.
ಅವನು ಟೇಪು ಬಿಟ್ಟು ಮೊಳ ಹಾಕಿದ,
ಕಪಾಟಿಗೆ ಮೊಳಕೈ ಬಡೀತು.
'ಒಂದೂವರೆ ಮೊಳ ಕಡಿಮಿ' ಅಂದ.
'ದೊಡ್ಡದು ಕಾಣಬೇಕಂದರ ದೂರ ಬೇಕು.'

ನನಗ ನಗು ಬಂತು.
ಒಂಬತ್ತು ವರ್ಷ ಈ ಖೋಲಿಯಾಗ
ಹಾಯೋವಾಗ ಒಬ್ಬರು ಪಲಂಗ ಏರಬೇಕು, ಒಬ್ಬರು ದಾಟಬೇಕು.
ಒಂದೂವರೆ ಮೊಳ ದೂರ ನಿಂತು
ನಾವು ಒಬ್ಬರನ್ನೊಬ್ಬರು ನೋಡಿದ್ದು ಯಾವಾಗ?

ಬೀಡಿ ಸುತ್ತತಾನ ಲಚ್ಚವ್ವ ಎಲ್ಲಾ ಕೇಳಿದ್ದಳು.
ಕತ್ತರಿ ತುದಿಯಿಂದ ತನ್ನ ಕಿಟಕಿ ತೋರಿಸಿದಳು:
ಇಲ್ಲಿ ಇಡು.
ಓಣಿ ಎರಡು ಮೊಳ. ನಮ್ಮ ಬಾಗಲಾ ತೆರದೇ ಇರತದ.
ವಾಯರು ಓಣಿ ದಾಟಿತು, ರೇವಣಸಿದ್ದ ದಾಟಿದ,
ಆಮ್ಯಾಲೆ ಬೆಳಕು ದಾಟಿತು.

ಅದರಾಗ ಕಂಡದ್ದು ಮೊದಲು ಧೂಳ.
ಮಗ್ಗದ ಅರಳಿ, ತಂಬಾಕಿನ ಪುಡಿ,
ಯಾರದು ಯಾವುದು ಗೊತ್ತಾಗದಂಗ ಕೂಡಿ ತೇಲತಿತ್ತು.
ಇಷ್ಟು ನುಂಗಿದಿವ್ಯಾ ನಾವು?
ಹಾಲಿನ ಸೈಕಲ್ಲು ಹಾದು ಹೋತು,
ಚಾದರದ ಮ್ಯಾಲೆ ಗುಡ್ಡದಷ್ಟು ಗಾಲಿ.
ತುನಿಕಿ ಎಲಿ ಗಂಟು ಹೊತ್ತಾಕಿ ಹೋದಳು.
ನಾಯಿ ನಿಂತು ಯೋಚನಿ ಮಾಡಿ ಹೋತು.

'ಚಂದ ಬಂತಾ?' ಆ ಕಡಿಂದ ಕೂಗಿದ.
ಸುಕ್ಕು ಬಿಡಿಸಲಿಕ್ಕೆ ನಾ ಚಾದರದ ಮುಂದ ನಿಂತೆ.
ಕಣ್ಣಾಗ ಬೆಳಕು ಹೊಡೀತು. ಅವನು ಕಾಣಲಿಲ್ಲ,
ಬೆಳಕಿನ ಬಾಜೂಕ ಒಂದು ಕೈ ಮಾತ್ರ,
ತಿರುವತಾ ತಿರುವತಾ ನಿಂತುಬಿಟ್ಟಿತು.
ನನ್ನ ನೈಟಿ ಮ್ಯಾಲೆ ಯಾರದೋ ಮದುವಿ ಹೂವು,
ಗಲ್ಲದ ಮ್ಯಾಲೆ ಯಾರದೋ ಸಮುದ್ರ.
'ಯಾಕ್ರೀ? ಏನಾತು?' ಅಂದೆ.
ಆ ಕಡಿಂದ ದನಿ ಇಲ್ಲ.

ಆಮ್ಯಾಲೆ ಲಚ್ಚವ್ವ ಒದರಿದಳು,
ಯಾವ ಪಟ್ಟಿಯೊಳಗೂ ಇಲ್ಲದ ಭಾಷಾದಾಗ,
'ಜರುಗಮ್ಮಾ!'

ಜರುಗಿದೆ.
ಅವನು ಮಾತ್ರ ಇನ್ನಷ್ಟು ಹೊತ್ತು
ಫೋಕಸ್ಸು ಮಾಡತಾನೇ ಇದ್ದ.