ವಾರಸುದಾರರು ಬಂದಿಲ್ಲ

ಗ್ರಿಮ್ಸ್‌ಬಿಯ ಬಸ್ ಡಿಪೋದ ಹಿಂಬದಿಯ ಕೋಣೆಯಲ್ಲಿ
ಹನ್ನೊಂದು ವರ್ಷ, ಜನ ಮರೆತದ್ದನ್ನು ಕಾದೆ.
ಕೊಡೆಗಳೇ ಹೆಚ್ಚು. ಆಮೇಲೆ ಒಂಟಿ ಕೈಗವಸು.
ಒಮ್ಮೆ, ಕರವಸ್ತ್ರದಲ್ಲಿ ಸುತ್ತಿದ ಹಲ್ಲುಸೆಟ್ಟು.
ಪ್ರತಿಯೊಂದಕ್ಕೂ ಹಳದಿ ಚೀಟಿ: ಯಾವ ಬಸ್ಸು, ಯಾವ ಸೀಟು, ಎಷ್ಟು ಗಂಟೆ,
ಕೊನೆಯ ಸಾಲು, ವಾರಸುದಾರರು ಬಂದರೇ?
ಹಲ್ಲುಸೆಟ್ಟಿನವರು ಬಂದರು, ಬಾಯಿ ಮುಚ್ಚಿಕೊಂಡೇ ನಕ್ಕರು.
ನಾನು ನಗಲಿಲ್ಲ. ಸಹಿ ತೆಗೆದುಕೊಂಡೆ.
ಅವರಿಗೆ ಅದೇ ಹಿತವಾಯಿತೆಂದು ಕಾಣುತ್ತದೆ.

ನಲವತ್ತೊಂದಕ್ಕೆ ಡಾಕ್ಟರು ನನಗೊಂದು ಪದ ಕೊಟ್ಟರು: ಆಟಿಸಂ.
ತಡವಾಗಿ ಸಿಕ್ಕ ನನ್ನದೇ ವಸ್ತು,
ಸಹಿ ಹಾಕಿ ತೆಗೆದುಕೊಂಡೆ.

ಆ ವರ್ಷವೇ ಗೋಡೆ ಒಡೆದರು.
ಇನ್ನು ನಾವೆಲ್ಲ ಒಂದೇ ಕುಟುಂಬ, ಅಂದರು.
ತಲೆಯ ಮೇಲೆ ಹೊಸ ದೀಪ. ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ
ಗುಂಯ್‌ಗುಟ್ಟುವುದು ನನಗೊಬ್ಬಳಿಗೇ ಕೇಳಿತು.
ದೀಪ ಬದಲಿಸಿ ಎಂದು ಏಳು ಪತ್ರ ಬರೆದೆ.
ಏಳನೆಯದಕ್ಕೆ ಉತ್ತರ ಬಂತು:
ನನ್ನನ್ನೇ ಬದಲಿಸಿದ್ದರು.

ಈಗ ಮಂಗಳವಾರ, ಇನ್ನೊಂದು ಕೋಣೆ.
ಲೋರ್ನಾ ಪಿಕರಿಂಗ್ ಎಂಬಾಕೆ, ಒಂದು ಕೀಲಿಮಣೆ, ತಟ್ಟೆಯಲ್ಲಿ ಎರಡು ಬಿಸ್ಕತ್ತು.
ಎಂಟು ಅಂಕ ಬಂದರೆ ಭತ್ಯೆ.
ಶಾಲೆಯಲ್ಲಿ ಅಂಕ ಬರಲು ಗೊತ್ತಿರಬೇಕಿತ್ತು,
ಇಲ್ಲಿ ಗೊತ್ತಿರಬಾರದು.

“ಅಡುಗೆ ಮಾಡಬಲ್ಲಿರಾ? ಒಂದು ತರಕಾರಿ ಹೆಚ್ಚಿ?”
“ಯಾವ ತರಕಾರಿ?”
ಆಕೆಯ ಬೆರಳು ನಿಂತಿತು. ನಾನು ನಿಜಕ್ಕೂ ಕೇಳಿದ್ದೆ.
ಕ್ಯಾರೆಟ್ಟಾದರೆ ಹೌದು. ಅಣಬೆ ಚಾಕುವಿನಡಿ ಕಿರ್ರೆನ್ನುತ್ತದೆ,
ಸದ್ದು ಹಲ್ಲಿನ ಬೇರಿಗಿಳಿದರೆ ಆ ದಿನ ಊಟವಿಲ್ಲ.
ಹೇಳುವಷ್ಟರಲ್ಲಿ ಆಕೆ ಮುಂದಿನ ಪುಟದಲ್ಲಿದ್ದಳು.

“ಇಲ್ಲಿಗೆ ಹೇಗೆ ಬಂದಿರಿ?”
“ಬಸ್ಸಿನಲ್ಲಿ.”
“ಒಬ್ಬರೇ?”
“ಚಾಲಕನಿದ್ದ.”
ಭಾನುವಾರ ಒಮ್ಮೆ ಬಂದು ಬಾಗಿಲು ನೋಡಿಕೊಂಡು ಹೋದದ್ದು,
ಸೋಮವಾರ ಇನ್ನೊಮ್ಮೆ, ಬಾಗಿಲು ತೆರೆದಿದ್ದರೆ ಹೇಗಿರುತ್ತದೆಂದು,
ಅದನ್ನು ಆಕೆ ಕೇಳಲಿಲ್ಲ.
ಕೇಳದ್ದಕ್ಕೆ ಉತ್ತರ ಕೊಡಬಾರದೆಂದು
ಐದು ವರ್ಷದವಳಿದ್ದಾಗಲೇ ನನಗೆ ಕಲಿಸಿದ್ದಾರೆ.

“ಚೆನ್ನಾಗಿ ಮಾತಾಡುತ್ತೀರಿ,” ಅಂದಳು ಕೊನೆಗೆ. ದನಿ ಒಳ್ಳೆಯದೇ.
ನನ್ನ ಕಣ್ಣು ಆಕೆಯ ಹುಬ್ಬುಗಳ ನಡುವಿನ ಮಚ್ಚೆಯ ಮೇಲಿತ್ತು.
ಮನೆಗೆ ಹೋಗಿ, ನೀರಿಲ್ಲದ ಸ್ನಾನದ ತೊಟ್ಟಿಯಲ್ಲಿ
ಕೋಟು ತೊಟ್ಟೇ ಮಲಗಿದೆ.
ಗುರುವಾರದವರೆಗೆ ಬೆಕ್ಕಿನೊಡನೆಯೂ ಮಾತಿಲ್ಲ.

ಆರು ವಾರಕ್ಕೆ ಕಂದು ಲಕೋಟೆ. ಎರಡು ಅಂಕ.
ಅರ್ಜಿದಾರರು ಕಣ್ಣಿಗೆ ಕಣ್ಣಿಟ್ಟು ಮಾತಾಡಿದರು.
ಹಾಸ್ಯಪ್ರಜ್ಞೆ ಉಂಟು.
ಅಪರಿಚಿತ ಸ್ಥಳಕ್ಕೆ ಸ್ವತಂತ್ರವಾಗಿ ಬರಬಲ್ಲರು.
ತರಕಾರಿಗಳಲ್ಲಿ ಆಸಕ್ತಿ ತೋರಿದರು.
ಹನ್ನೊಂದು ವರ್ಷ ದುಡಿದಿದ್ದಾರೆ, ಆದ್ದರಿಂದ ದುಡಿಯಬಲ್ಲರು.

ಅದೇ ಅಂಚೆಯಲ್ಲಿ ಮೀನಿನ ಕಾರ್ಖಾನೆಯ ಪತ್ರ:
ಕ್ಷಮಿಸಿ, ನಮ್ಮ ತಂಡಕ್ಕೆ ನೀವು ಹೊಂದಲಾರಿರಿ.
ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ,
ಅಂಚಿಗೆ ಅಂಚು ಸರಿಯಾಗಿ.

ಕಂದು ಲಕೋಟೆಯದನ್ನು ಮೂರು ಸಲ ಓದಿದೆ.
ಆ ಹೆಂಗಸು ನನಗೆ ಹಿಡಿಸಿದಳು.
ನಗಿಸುತ್ತಾಳೆ, ಊರು ಸುತ್ತುತ್ತಾಳೆ, ಅಣಬೆ ಹೆಚ್ಚುತ್ತಾಳೆ.
ಯಾರೋ ಅವಳನ್ನು ಸೀಟಿನ ಮೇಲೆ ಮರೆತು ಇಳಿದಿರಬೇಕು.

ಹಳದಿ ಚೀಟಿಯ ಒಂದು ಕಟ್ಟು ಇನ್ನೂ ನನ್ನ ಬಳಿ ಇದೆ
(ಹಿಂದಿರುಗಿಸಬೇಕಿತ್ತು, ಗೊತ್ತು).
ಪತ್ರದ ಮೂಲೆಗೆ ತೂತು ಮಾಡಿ ದಾರ ಕಟ್ಟಿದೆ.
ವಸ್ತು: ಹೆಂಗಸು, ಒಬ್ಬಳು, ನಲವತ್ತನಾಲ್ಕು.
ಹೆಸರು: ಪೆಟ್ರಾ ಸ್ಕಾರ್ಲ್ ಎಂದಿದೆ. ಅದು ನನ್ನದೂ ಹೌದು.
ಸಿಕ್ಕಿದ್ದು: ನನ್ನ ಬಾಗಿಲ ಅಂಚೆ ಕಿಂಡಿಯಲ್ಲಿ, ಹತ್ತೂ ಇಪ್ಪತ್ತಕ್ಕೆ.
ಸ್ಥಿತಿ: ಚೆನ್ನಾಗಿದೆ. ಬಳಸಿದಂತಿಲ್ಲ.
ವಾರಸುದಾರರು: ಬಂದಿಲ್ಲ.

ಮರುಪರಿಶೀಲನೆಗೆ ಒಂದು ತಿಂಗಳ ಗಡುವು.
ಲಕೋಟೆ ಅಂಟಿಸಿದ್ದೇನೆ. ಸ್ಟಾಂಪು ನೇರವಾಗಿದೆ.
ಅಂಚೆಡಬ್ಬಿಯವರೆಗಿನ ದಾರಿಯನ್ನು
ನಾಳೆ ಒಮ್ಮೆ ನೋಡಿಕೊಂಡು ಬರುತ್ತೇನೆ.