ಇಪ್ಪತ್ತಾರಕ್ಕೆ ಇಪ್ಪತ್ತು

ಇಪ್ಪತ್ತೈದು ಮುಟ್ಟಿದ್ದೇ ತಡ, ಮೋಟಾರು ಕೈಬಿಡುತ್ತಿತ್ತು,
ಮಾತಿನ ನಡುವೆ ಫೋನು ಕಟ್ಟಾದ ಹಾಗೆ.
ಆಮೇಲೆ ದಿಘಿಯ ಸಪಾಟು ರಸ್ತೆಯಲ್ಲಿ ಉಳಿಯುತ್ತಿದ್ದದ್ದು
ನಾನು, ಐವತ್ತೊಂದು ವರ್ಷದ ಎರಡು ಮೊಣಕಾಲು,
ಊಟದ ಡಬ್ಬಿ, ಎಮ್ಮೆಕರುವಿನಷ್ಟು ಭಾರದ ಸೈಕಲ್ಲು.
ಹಿಂದಿನಿಂದ ಟೆಂಪೋದವನು: ‘ಕಾಕಾ, ಬಾಜೂಲಾ!’
ಬಾಜೂಲಾ ಅಂದರೆ ಎಲ್ಲಿಗಪ್ಪಾ?
ಬಾಜೂಕ್ಕೆ ಗಟಾರ.

ವಡಗಾವ್ ಶೇರಿಯಿಂದ ಭೋಸರಿಗೆ ಹದಿನಾಲ್ಕು ಕಿಲೋಮೀಟರು.
ಏಳಕ್ಕೆ ಗೇಟು.
ಏಳರ ಮೇಲೆ ಒಂದು ನಿಮಿಷವಾದರೆ ಅರ್ಧ ದಿನ ಅವರದು.

ವಿಶ್ರಾಂತವಾಡಿಯ ಕೇತಕಿ ಸಾಬಳೆ
ಎರಡು ಕೀಲಿ ಉದುರಿದ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಅಂದಳು:
‘ಇದಕ್ಕೆ ವೇಗ ಗೀಗ ಗೊತ್ತಿಲ್ಲ ಕಾಕಾ,
ಸುತ್ತು ಎಣಿಸ್ತದೆ, ಅಷ್ಟೇ.
ಚಕ್ರ ಎಷ್ಟು ದೊಡ್ಡದು ಅಂತ ನಾವೇ ಹೇಳಿಕೊಡಬೇಕು.
ಇಪ್ಪತ್ತಾರು ಇಂಚಿದೆ. ಇಪ್ಪತ್ತು ಅನ್ನೋಣ.
ನಂಬ್ತದೆ ಪಾಪ, ಅದಕ್ಕೇನು ಕಣ್ಣೇ?’
ಸುಳ್ಳಿಗೆ ಮುನ್ನೂರು ರೂಪಾಯಿ. ಚಹಾ ಅವಳ ಲೆಕ್ಕ.

ನನ್ನ ಕೆಲಸ ಏನು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.
ಕಾರ್ಖಾನೆಯ ಮೂಲೆಯ ತಣ್ಣನೆ ಕೋಣೆಯಲ್ಲಿ
ವರ್ನಿಯರು, ಮೈಕ್ರೋಮೀಟರು, ಪ್ರೆಶರ್ ಗೇಜು
ಒಂದೊಂದನ್ನೇ ಕರೆದು ಸಾಕ್ಷಿ ಕೇಳುವವನು ನಾನು:
ನೂರು ಅಂತೀಯಲ್ಲ, ನೂರೇ ಹೌದಾ?
ಕೂದಲನ್ನು ಹತ್ತು ಸೀಳಿ ಒಂದು ಸೀಳು ತಪ್ಪಿದರೂ
ಕೆಂಪು ಚೀಟಿ. ಕೆಳಗೆ ನನ್ನ ಸಹಿ.
ಇಪ್ಪತ್ತೆರಡು ವರ್ಷವಾಯಿತು, ಯಾವ ಗೇಜಿನ ಮುಖವನ್ನೂ ನೋಡಿ ಬಿಟ್ಟಿಲ್ಲ.

ಮರುದಿನ ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನು ಉಬ್ಬಿಸಿತು.
ಟೆಂಪೋದವನಿಗೆ ನಾನೇ ಗಂಟೆ ಬಾರಿಸಿದೆ.
ಪರದೆಯ ಮೇಲೆ ಇಪ್ಪತ್ತೈದು, ಏನೂ ಅರಿಯದ ಸಾಧು;
ಕಿವಿಗೆ ಗೊತ್ತು, ಮೂವತ್ತೆರಡು.
ಏಳಕ್ಕೆ ಹನ್ನೊಂದು ನಿಮಿಷವಿರುವಾಗಲೇ ಗೇಟು.
ಆ ಹನ್ನೊಂದನ್ನು ಏನು ಮಾಡಬೇಕೋ ತಿಳಿಯದೆ
ಕಟ್ಟೆಯ ಮೇಲೆ ಕೂತು ಟ್ರಿಪ್ಪು ನೋಡಿದೆ:
ಹತ್ತು ಪಾಯಿಂಟ್ ಎಂಟು.

ಹದಿನಾಲ್ಕರ ದಾರಿಯಲ್ಲಿ
ಮೂರು ಕಿಲೋಮೀಟರು ಎಲ್ಲಿ ಹೋಯಿತು?

ಯಾವ ಮೂರು?
ಪಾವ್ ಭಟ್ಟಿಯ ಬಿಸಿ ಉಸಿರು ಮುಖಕ್ಕೆ ಬಡಿಯುವ ಕಳಸದ ತಿರುವಾ?
ಮಿಲಿಟರಿ ಗೋಡೆಯ ಮೇಲೆ ಬಾಲ ಇಳಿಬಿಟ್ಟು ಕೂರುತ್ತಿದ್ದ ನವಿಲಾ?
ಅಥವಾ ದತ್ತೋಬಾ ತಾಪ್ಕೀರ್ ಸಿಗುತ್ತಿದ್ದ ಜಾಗವಾ?
ಎಪ್ಪತ್ತು ದಾಟಿದ ಮುದುಕ, ಬರೀ ಸೈಕಲ್ಲು, ಎರಡೂ ಕಡೆ ಪೇಪರು ಚೀಲ.
ಅವನ ಮೀನಖಂಡಕ್ಕೂ ನನ್ನ ಮೋಟಾರಿಗೂ
ಹೆಚ್ಚು ಕಡಿಮೆ ಒಂದೇ ಮಿತಿಯಿತ್ತು.
‘ಒಂದು ಕಾಲಕ್ಕೆ ಈ ಪುಣೆ ಸೈಕಲ್ಲಿನ ಊರು’ ಅಂತ ಶುರು ಮಾಡಿದರೆ
ದಿಘಿ ಮುಗಿಯುವ ತನಕ ಜೊತೆಗೆ ತುಳಿಯುತ್ತಿದ್ದ.
ಈಗ ನನಗೆ ಕೇಳಿಸುವುದು
‘ಒಂದು ಕಾಲಕ್ಕೆ’.
ಅಷ್ಟರಲ್ಲಿ ನಾನು ಮುಂದೆ.

ಬುಧವಾರ ನೀರಿನ ಟ್ಯಾಂಕರು ಸನ್ನೆಯಿಲ್ಲದೆ ನಿಂತಿತು.
ಬ್ರೇಕಿಗೆ ಯಾರೂ ಸುಳ್ಳು ಹೇಳಿಕೊಟ್ಟಿರಲಿಲ್ಲ,
ಅದು ಹಳೆಯ ಲೆಕ್ಕದಲ್ಲೇ ಹಿಡಿಯಿತು.
ಕೀ ಅಂತ ಕಿರುಚಿ, ಅಡ್ಡ ಜಾರಿ,
ಟ್ಯಾಂಕರಿನ ನಲ್ಲಿ ಹೊಟ್ಟೆಗೆ ಒಂದು ಗೇಣು ಇರುವಾಗ ನಿಂತೆ.
ಡಬ್ಬಿ ನಿಲ್ಲಲಿಲ್ಲ.
ಜುಣಕ, ಎರಡು ಭಾಕರಿ, ಹಸಿಮೆಣಸು, ರಸ್ತೆಯ ಮೇಲೆ;
ನಾಯಿಯೊಂದು ಮೆಣಸು ಮಾತ್ರ ಬಿಟ್ಟು ಉಳಿದದ್ದು ಮುಗಿಸಿತು.
ಹಿಂದಿನಿಂದ ಬಂದ ದತ್ತೋಬಾ ಕಾಲೂರಿ ನಿಂತು, ನನ್ನ ನೋಡಿ,
ನಾಯಿಯ ನೋಡಿ, ಏನೂ ಅನ್ನದೆ ಹೋದ.
ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಆ ದಿನ ಕೋಣೆಯಿಂದ ಒಂದು ಕೆಂಪು ಚೀಟಿ ಕದ್ದೆ.
ಸಾಧುವಿನ ಮುಖದ ಮೇಲೆ ಅಂಟಿಸಿ
ಸಾಲು ಬಿಡದೆ ತುಂಬಿದೆ.
ಉಪಕರಣ: ಸೈಕಲ್ಲು.
ದೋಷ: ಹೋಗುವಾಗ ಮೂರು, ಬರುವಾಗ ಮೂರು.
ಕಾರಣ: ‘ಏಳಕ್ಕೆ ಗೇಟು’ ಎಂದು ಬರೆದು, ಹೊಡೆದುಹಾಕಿದೆ.
ಸಹಿ ಮಾಡಿದೆ, ಪೂರ್ತಿ ಹೆಸರು.
ಸರಿಪಡಿಸುವ ದಿನ ಎಂಬಲ್ಲಿ
‘ಶನಿವಾರ’ ಎಂದು ಬರೆದೆ.

ಯಾವ ಶನಿವಾರ ಎಂದು ಬರೆಯಲಿಲ್ಲ.