ಎರಡು ಕಾಲಂ

ಕುತಾಯಿಸಿಯ ಓಣಿ, ನೆಲದಲ್ಲಿ ಹೂತ ರೊಟ್ಟಿಯೊಲೆ.
ಪ್ರಶ್ನೆಪತ್ರ ಹಿಡಿದು ನಾನು, ತೋಳೆಲ್ಲ ಹಿಟ್ಟು:
"ಹಸಿದ ಹುಡುಗ ಕದ್ದರೆ ತಪ್ಪೇ?"

ನುಗ್ಜಾರ್ ತಲೆಯೆತ್ತಲಿಲ್ಲ. "ಕಳವು ಕಳವೇ.
ಬರಕೋ."
ತ್ಸಿಯಾಲಾ ಕೈಯೊರೆಸಿಕೊಂಡು ನನ್ನನ್ನೇ ಕೇಳಿದಳು:
"ಯಾರ ಮಗ? ಅವನಮ್ಮ
ಇನ್ನೂ ಕೆಮ್ಮುತ್ತಾಳಾ?"

ಗಂಡು: ನ್ಯಾಯ. ಹೆಣ್ಣು: ಕರುಳು.
ನಡುವೆ ಗೆರೆ ಎಳೆದೆ, ಎಷ್ಟು ನೇರ!
ಕೊಟ್ಟ ಟೀ ಕುಡಿದೆ.

ಕತ್ತಲಾದ ಮೇಲೆ, ಮರೆತ ಕೊಡೆಗೆಂದು ಮರಳಿದರೆ
ಹಿತ್ತಲಲ್ಲಿ ನುಗ್ಜಾರ್
ದೋಣಿಯಂಥ ರೊಟ್ಟಿ ಎರಡು ಗೋಡೆಯ ಮೇಲಿಟ್ಟು
ಕಳ್ಳನ ಹಾಗೆ ಅತ್ತಿತ್ತ ನೋಡುತ್ತಿದ್ದ.
ಒಳಗೆ ತ್ಸಿಯಾಲಾ, ಕನ್ನಡಕ ಮೂಗಿನ ತುದಿಗೆ,
ಲೆಕ್ಕದ ಪುಸ್ತಕಕ್ಕೆ ಗಟ್ಟಿಯಾಗಿ ಹೇಳಿ ಬರೆದಳು:
"ಎರಡು ಕಮ್ಮಿ.
ಅವನ ಸಿಗರೇಟಿನ ದುಡ್ಡಲ್ಲಿ ಮುರಿಯಬೇಕು."

ರಬ್ಬರು ನನ್ನ ಜೇಬಿನಲ್ಲೇ ಇತ್ತು.
ಗೆರೆ ಮಾತ್ರ
ಪೆನ್ನಿನದು.